ಜಿನ್ ಟಾನಿಕ್: ಶ್ರೀರಂಗಪಟ್ಟಣದ ಸೊಳ್ಳೆಗೂ ಈ ಗ್ಲಾಸಿಗೂ ಏನು ಸಂಬಂಧ?

ಜಿನ್ ಅನ್ನುವ ಮದ್ಯಕ್ಕೆ ಟಾನಿಕ್ ವಾಟರ್ ಅನ್ನುವ ಕಹಿ ಸೋಡಾ ಬೆರೆಸಿದರೆ ಅದು ಜಿನ್ ಟಾನಿಕ್. ಅದು ಹುಟ್ಟಿದ್ದು ಹೇಗೆ ಅಂತ ನಿಮ್ಮಲ್ಲಿ ಬಹಳ ಜನರ ಫೋನಿಗೆ ವಾಟ್ಸಾಪಿನಲ್ಲಿ ಈ ಕಥೆ ಬಂದೇ ಇರುತ್ತದೆ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ. ಗೆದ್ದ ಇಂಗ್ಲಿಷರು ಶ್ರೀರಂಗಪಟ್ಟಣದಲ್ಲೇ ಬೀಡುಬಿಟ್ಟರು. ಸುತ್ತ ಕಾವೇರಿ, ಗದ್ದೆ, ಕೆಸರು, ಸೊಳ್ಳೆ. ಸಿಪಾಯಿಗಳು ಜ್ವರ ಬಂದು ಒಬ್ಬರ ಹಿಂದೆ ಒಬ್ಬರು ಸತ್ತರು. ಅಷ್ಟರಲ್ಲಿ ಸ್ಕಾಟ್ಲೆಂಡಿನ ಡಾಕ್ಟರೊಬ್ಬ ಮಲೇರಿಯಾ ಜ್ವರದ ಮದ್ದಾದ ಕ್ವಿನೈನ್ ಕಂಡುಹಿಡಿದಿದ್ದ. ಅದು ವಿಪರೀತ ಕಹಿ. ಯಾರೂ ಬಾಯಿಗಿಡಲೊಲ್ಲರು. ಸರಿ, ಸಿಪಾಯಿಗಳಿಗೆ ದಿನಾ ಕೊಡುತ್ತಿದ್ದ ಜಿನ್ನಿಗೇ ಅದನ್ನು ಬೆರೆಸಿಬಿಟ್ಟರು. ಆಮೇಲೆ ದಂಡು ಬೆಂಗಳೂರಿಗೆ ಬಂತು, ಜೊತೆಗೆ ಗ್ಲಾಸೂ ಬಂತು. ಹೀಗೆ ಜಿನ್ ಟಾನಿಕ್ ಹುಟ್ಟಿದ್ದು ನಮ್ಮ ಮೈಸೂರು ಸೀಮೆಯಲ್ಲಿ.

ಕೇಳೋಕೆ ಚೆನ್ನಾಗಿದೆ ಅಲ್ವಾ? ಟಿಪ್ಪು ಇದ್ದಾನೆ, ಕಾವೇರಿ ಇದೆ, ಬೆಂಗಳೂರಿದೆ, ಕೊನೆಗೆ ಕೈಯಲ್ಲಿ ಒಂದು ಗ್ಲಾಸೂ ಇದೆ. ನಾನು ಔಷಧ ಶಾಸ್ತ್ರ ಪಾಠ ಮಾಡಿಕೊಂಡು ಬಂದವನು. ಕಥೆ ಕೇಳಿದ ತಕ್ಷಣ ಇಸವಿ, ಪ್ರಮಾಣ ಎರಡನ್ನೂ ನೋಡುವ ಚಟ. ಇವತ್ತಿನ ಈ ಭಾಷಣದಲ್ಲಿ ಅದನ್ನೇ ಮಾಡೋಣ.

ಮೊದಲು ನಿಜ ಇರುವ ಭಾಗ. ಶ್ರೀರಂಗಪಟ್ಟಣದಲ್ಲಿ ಜ್ವರದ ಕಾಟ ಇದ್ದದ್ದು ನಿಜ. ಅಲ್ಲಿನ ಗ್ಯಾರಿಸನ್ ಸಿಮೆಟ್ರಿಗೆ ಹೋದರೆ ಆ ಕಾಲದ ಯುರೋಪಿಯನ್ನರ ಗೋರಿಗಳು ಈಗಲೂ ಸಾಲಾಗಿವೆ. ಇಂಗ್ಲಿಷರು ಅಲ್ಲಿಂದ ಕಾಲ್ತೆಗೆದು 1809ರ ಹೊತ್ತಿಗೆ ಬೆಂಗಳೂರಿನಲ್ಲಿ ದಂಡು ಕಟ್ಟಿಕೊಂಡದ್ದಕ್ಕೆ ಆ ಊರಿನ ಹವೆ ಒಂದು ದೊಡ್ಡ ಕಾರಣ. ಇಲ್ಲಿವರೆಗೆ ತಕರಾರಿಲ್ಲ.

ಈಗ ಇಸವಿಗೆ ಬನ್ನಿ. ಕ್ವಿನೈನ್ ಅನ್ನುವ ವಸ್ತುವನ್ನು ಸಿಂಕೋನಾ ಮರದ ತೊಗಟೆಯಿಂದ ಬೇರೆ ಮಾಡಿದ್ದು 1820ರಲ್ಲಿ, ಪ್ಯಾರಿಸ್‌ನಲ್ಲಿ. ಮಾಡಿದವರು ಪೆಲ್ಲೆಟಿಯೆ ಮತ್ತು ಕಾವೆಂಟೂ ಎಂಬ ಇಬ್ಬರು ಫಾರ್ಮಸಿಸ್ಟರು. ಅವರು ಅದಕ್ಕೆ ಪೇಟೆಂಟನ್ನೂ ತೆಗೆದುಕೊಳ್ಳಲಿಲ್ಲ, ವಿಧಾನವನ್ನು ಬಹಿರಂಗವಾಗಿಯೇ ಹೇಳಿಬಿಟ್ಟರು. ಅಂದರೆ ಇದೆಲ್ಲ ನಡೆದದ್ದು ಟಿಪ್ಪು ಸತ್ತು 21 ವರ್ಷ ಆದಮೇಲೆ. ಇನ್ನು ಟಾನಿಕ್ ವಾಟರ್. ಗುಳ್ಳೆ ಬರುವ ನೀರಿಗೆ ಕ್ವಿನೈನ್ ಸೇರಿಸಿ ಅದಕ್ಕೆ ಪೇಟೆಂಟ್ ಪಡೆದವನು ಲಂಡನ್ನಿನ ಇರಾಸ್ಮಸ್ ಬಾಂಡ್, 1858ರಲ್ಲಿ. ಕಥೆಯಲ್ಲಿ ಬರುವ ಸ್ಕಾಟಿಷ್ ಡಾಕ್ಟರು ಜಾರ್ಜ್ ಕ್ಲೆಗ್‌ಹಾರ್ನ್ ಅಂತ ಹೇಳುತ್ತಾರೆ. ಆ ಮನುಷ್ಯ ನಿಜವಾಗಿಯೂ ಇದ್ದ, ಮೆಡಿಟರೇನಿಯನ್ನಿನ ಮಿನೋರ್ಕಾ ದ್ವೀಪದಲ್ಲಿ ಕೆಲಸ ಮಾಡಿದ್ದ, ಜ್ವರಕ್ಕೆ ತೊಗಟೆ ಕೊಡುತ್ತಿದ್ದ. ಆದರೆ 1789ರಲ್ಲೇ ತೀರಿಕೊಂಡ. ಕ್ವಿನೈನಿನ ಹೆಸರೂ ಅವನಿಗೆ ಗೊತ್ತಿರಲು ಸಾಧ್ಯವಿಲ್ಲ.

ಸಿಪಾಯಿಗಳಿಗೆ ಜಿನ್ ಪಡಿ ಕೊಡುತ್ತಿದ್ದರು ಅನ್ನುವುದೂ ನಿಲ್ಲುವುದಿಲ್ಲ. ಕಂಪನಿ ಸೈನ್ಯದ ಗೋರಾ ಸಿಪಾಯಿಗೆ ಇಲ್ಲಿ ಪಡಿಯಾಗಿ ಸಿಗುತ್ತಿದ್ದದ್ದು ಸಾರಾಯಿ. ತೆಂಗಿನ ಕಳ್ಳಿನಿಂದಲೋ ಬೆಲ್ಲದಿಂದಲೋ ಇಳಿಸಿದ್ದು. ಸಮುದ್ರ ದಾಟಿ ಜಿನ್ ತರಿಸಿ ಸಾಮಾನ್ಯ ಸಿಪಾಯಿಗೆ ಸುರಿಯುವಷ್ಟು ಧಾರಾಳಿಗಳು ಕಂಪನಿಯವರಾಗಿರಲಿಲ್ಲ. ಆಫೀಸರುಗಳು ಬ್ರಾಂದಿಗೆ ನೀರು ಬೆರೆಸಿ 'ಬ್ರಾಂದಿ ಪಾನಿ' ಕುಡಿಯುತ್ತಿದ್ದರು. ಬಿಯರ್ ಕುಡಿಯುತ್ತಿದ್ದರು. ಜಿನ್ ಅಂದರೆ ಅವರ ಮನಸ್ಸಿನಲ್ಲಿ ಲಂಡನ್ನಿನ ಕೊಳಕು ಗಲ್ಲಿಗಳ ಬಡವರ ಹೆಂಡ.

ಇನ್ನೊಂದು ಸಣ್ಣ ವಿಷಯ. ಸೊಳ್ಳೆ ಕಚ್ಚಿದ್ದರಿಂದ ಜ್ವರ ಬಂತು ಅಂತ 1799ರಲ್ಲಿ ಯಾರಿಗೂ ತಿಳಿದಿರಲಿಲ್ಲ. ಕೆಟ್ಟ ಗಾಳಿಯಿಂದ, ಜವುಗಿನ ಆವಿಯಿಂದ ಜ್ವರ ಬರುತ್ತದೆ ಅಂತ ನಂಬಿದ್ದರು. ಇಲ್ಲೊಂದು ಬೆಂಗಳೂರಿನ ಪ್ರಸಂಗ ಹೇಳಲೇಬೇಕು. 1883ರಲ್ಲಿ ರೊನಾಲ್ಡ್ ರಾಸ್ ಎಂಬ ಎಳೆಯ ಮಿಲಿಟರಿ ಡಾಕ್ಟರು ಬೆಂಗಳೂರಿನ ದಂಡಿಗೆ ಬಂದ. ಬಂಗಲೆಯಲ್ಲಿ ವಿಪರೀತ ಸೊಳ್ಳೆ. ನೋಡಿದರೆ ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಹುಳುಗಳು ಕಿಲಿಬಿಲಿ ಅನ್ನುತ್ತಿವೆ. ಪೀಪಾಯಿ ಬೋರಲು ಹಾಕಿಸಿದ, ಸೊಳ್ಳೆ ಕಮ್ಮಿಯಾಯಿತು. ಮೆಸ್ಸಿನಲ್ಲಿರುವ ಪೀಪಾಯಿ, ತೊಟ್ಟಿಗಳನ್ನೂ ಹೀಗೇ ಖಾಲಿ ಮಾಡಿಸೋಣ ಅಂತ ದಂಡಿನ ಆಡಳಿತ ನೋಡುವ ಅಧಿಕಾರಿ ಅಜುಟೆಂಟ್‌ಗೆ ಹೇಳಿದರೆ ಆತ ಒಪ್ಪಲೇ ಇಲ್ಲ. ದೇವರು ಸೊಳ್ಳೆಯನ್ನು ಹುಟ್ಟಿಸಿದ್ದಕ್ಕೂ ಏನೋ ಕಾರಣ ಇರುತ್ತದೆ, ಸಹಿಸಿಕೊಂಡಿರಬೇಕು ಅನ್ನುವ ಧಾಟಿಯ ಮನುಷ್ಯ. ಅದೇ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ರೋಗಾಣುವನ್ನು ಕಂಡ. ನಮ್ಮ ಜಿನ್ ಟಾನಿಕ್ ಅಷ್ಟೊತ್ತಿಗಾಗಲೇ ಮೂವತ್ತು ವರ್ಷ ಹಳೆಯದು.

ಹಾಗಾದರೆ ಅದು ಹುಟ್ಟಿದ್ದು ಹೇಗೆ? ಇದಕ್ಕೆ ಮೂರು ದಾರಿಗಳು ಬಂದು ಕೂಡಬೇಕಾಯಿತು. ತೊಗಟೆಯ ದಾರಿ, ಸೋಡಾದ ದಾರಿ, ಜಿನ್ನಿನ ದಾರಿ.

ತೊಗಟೆಯದ್ದೇ ದೊಡ್ಡ ಕಥೆ. ಸಿಂಕೋನಾ ಮರ ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳದ್ದು. ಈಗಿನ ಪೆರು, ಬೊಲಿವಿಯಾ, ಎಕ್ವಡಾರ್ ಸೀಮೆ. ಹದಿನೇಳನೇ ಶತಮಾನದಲ್ಲಿ ಜೆಸ್ಯೂಟ್ ಪಾದ್ರಿಗಳು ಅದರ ತೊಗಟೆಯನ್ನು ಯುರೋಪಿಗೆ ತಂದರು. ಪೆರುವಿನ ವೈಸರಾಯ್‌ನ ಹೆಂಡತಿಗೆ ಜ್ವರ ಬಂದು ಈ ತೊಗಟೆಯಿಂದ ವಾಸಿಯಾಯಿತು ಅನ್ನುವ ಕಥೆ ಬಹಳ ಕಾಲ ಓಡಾಡಿತು. ಅದೂ ಕಟ್ಟುಕಥೆ ಅಂತ ಆಮೇಲೆ ದಾಖಲೆ ತೆಗೆದು ತೋರಿಸಿದ್ದಾರೆ. ಈ ತೊಗಟೆಯ ಸುತ್ತ ಕಥೆ ಬೆಳೆಯುವುದು ಹೊಸದೇನಲ್ಲ, ನೋಡಿ.

ತೊಗಟೆಯ ಪುಡಿ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಮದ್ಯದಲ್ಲಿ ಸಾರ ಚೆನ್ನಾಗಿ ಬಿಡುತ್ತದೆ. ಹಾಗಾಗಿ ಮೊದಲಿನಿಂದಲೂ ಅದನ್ನು ದ್ರಾಕ್ಷಿ ವೈನಿನಲ್ಲಿ ನೆನೆಸಿ ಕೊಡುತ್ತಿದ್ದರು. ಇಂಗ್ಲೆಂಡಿನಲ್ಲಿ ರಾಬರ್ಟ್ ಟಾಲ್ಬರ್ ಅಂತ ಒಬ್ಬನಿದ್ದ. ಓದಿದ ಡಾಕ್ಟರಲ್ಲ, ಔಷಧದ ಅಂಗಡಿಯಲ್ಲಿ ಕೆಲಸ ಕಲಿತವನು. ಜೆಸ್ಯೂಟರ ಪುಡಿ ಅಪಾಯ, ಮುಟ್ಟಬೇಡಿ ಅಂತ ಊರಿಗೆಲ್ಲ ಹೇಳುತ್ತಿದ್ದ. ತನ್ನ ಹತ್ತಿರ ಬೇರೆ ಗುಟ್ಟಿನ ಮದ್ದಿದೆ ಅನ್ನುತ್ತಿದ್ದ. ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್‌ನಿಂದ 'ಸರ್' ಪದವಿ ಗಿಟ್ಟಿಸಿದ, ಅವನ ಜ್ವರವನ್ನೂ ವಾಸಿ ಮಾಡಿದ. ಫ್ರಾನ್ಸಿನ ಹದಿನಾಲ್ಕನೇ ಲೂಯಿ ಆ ಗುಟ್ಟಿಗೆ ದೊಡ್ಡ ಹಣ ಕೊಟ್ಟ, ಟಾಲ್ಬರ್ ಸಾಯುವ ತನಕ ಬಯಲು ಮಾಡುವುದಿಲ್ಲ ಅಂತ ಮಾತೂ ಕೊಟ್ಟ. ಸತ್ತ ಮೇಲೆ ತೆಗೆದು ನೋಡಿದರೆ ಏನು? ಅದೇ ತೊಗಟೆ, ವೈನಿನಲ್ಲಿ ನೆನೆಸಿದ್ದು. ಇಷ್ಟು ಒಳ್ಳೆಯ ವ್ಯಾಪಾರಿಯನ್ನು ನಾನು ಔಷಧದ ಚರಿತ್ರೆಯಲ್ಲಿ ಬೇರೆಲ್ಲೂ ಕಂಡಿಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ಕಹಿ ಮದ್ದನ್ನು ಮದ್ಯದ ಜೊತೆ ಕೊಡುವ ಉಪಾಯ ಇಂಡಿಯಾದಲ್ಲಿ ಹೊಳೆದದ್ದಲ್ಲ. ಜಿನ್ ಟಾನಿಕ್‌ಗಿಂತ ಇನ್ನೂರು ವರ್ಷ ಹಿಂದಿನದು. ಆ ಇನ್ನೂರು ವರ್ಷವೂ ಜೊತೆಗಿದ್ದದ್ದು ವೈನ್, ಶೆರಿ, ಕೆಲವು ಕಡೆ ರಮ್. 1854ರಲ್ಲಿ ವಿಲಿಯಂ ಬೈಕಿ ಎಂಬ ಡಾಕ್ಟರು ಪಶ್ಚಿಮ ಆಫ್ರಿಕದ ನೈಜರ್ ನದಿಯ ಮೇಲೆ ಹಡಗು ನಡೆಸಿಕೊಂಡು ಹೋದ. ಅದಕ್ಕೆ ಮೊದಲು ಆ ನದಿಗೆ ಹೋದವರು ಜ್ವರದಿಂದ ರಾಶಿರಾಶಿ ಸತ್ತಿದ್ದರು. ಬೈಕಿ ತನ್ನ ಜನಕ್ಕೆ ಜ್ವರ ಬರುವ ಮುಂಚೆಯೇ ದಿನಾ ಕ್ವಿನೈನ್ ಕುಡಿಸಿದ. ಯುರೋಪಿಯನ್ನರಲ್ಲಿ ಒಬ್ಬರೂ ಜ್ವರಕ್ಕೆ ಸಾಯಲಿಲ್ಲ. ಇಂಗ್ಲಿಷರಿಗೆ ಕ್ವಿನೈನ್ ಮೇಲೆ ಪೂರ್ತಿ ನಂಬಿಕೆ ಬಂದದ್ದು ಇಂಥ ಅನುಭವದಿಂದ. ಆಮೇಲೆ ಅದು ಸರ್ಕಾರದ ಸರಕಾಯಿತು, ಯುದ್ಧದ ಸಾಮಾನಾಯಿತು. ಈ ಕೊಂಡಿಯನ್ನು ನೆನಪಿಟ್ಟುಕೊಳ್ಳಿ, ನೀಲಗಿರಿಗೆ ಹೋದಾಗ ಬೇಕಾಗುತ್ತದೆ.

ಸೋಡಾದ ದಾರಿ ಬೇಗ ಮುಗಿಯುತ್ತದೆ. ಜೋಸೆಫ್ ಪ್ರೀಸ್ಟ್ಲಿ ಲೀಡ್ಸ್ ಊರಿನಲ್ಲಿ ಬಿಯರ್ ಹುದುಗುವ ತೊಟ್ಟಿಯ ಮೇಲಿನ ಗಾಳಿಯನ್ನು ನೀರಿಗೆ ಸೇರಿಸಿ ನೋಡಿದ, 1767ರಲ್ಲಿ. ಯೋಹಾನ್ ಯಾಕೊಬ್ ಶ್ವೆಪ್ ಜಿನೀವಾದಲ್ಲಿ 1783ರಲ್ಲಿ ಅದನ್ನೇ ವ್ಯಾಪಾರ ಮಾಡಿಕೊಂಡ. 1792ರಲ್ಲಿ ಲಂಡನ್ನಿಗೆ ಬಂದು ಅಂಗಡಿ ಹಾಕಿದ. ಶ್ವೆಪ್ಸ್ ಅನ್ನುವ ಬಾಟಲಿ ಇವನದೇ ಹೆಸರಿನದು. ನಮ್ಮ ಗೋಲಿ ಸೋಡಾ ಬಾಟಲಿಯೂ ಲಂಡನ್ನಿನದೇ ಅಂತ ನಿಮಗೆ ಗೊತ್ತೇ? 1872ರಲ್ಲಿ ಹೈರಮ್ ಕಾಡ್ ಅನ್ನುವವನು ಮಾಡಿದ್ದು. ಒಳಗಿನ ಗ್ಯಾಸಿನ ಒತ್ತಡವೇ ಗೋಲಿಯನ್ನು ಬಾಟಲಿಯ ಕುತ್ತಿಗೆಗೆ ತಳ್ಳಿ ಬಿರಡೆಯ ಕೆಲಸ ಮಾಡುತ್ತದೆ. ಇಂಗ್ಲೆಂಡಿನಲ್ಲಿ ಅದು ಮ್ಯೂಸಿಯಂ ಸೇರಿ ಎಷ್ಟೋ ಕಾಲವಾಯಿತು. ನಮ್ಮ ಜಾತ್ರೆಗಳಲ್ಲಿ ಇನ್ನೂ ಟಪ್ ಅಂತ ಒಡೆಯುತ್ತಿದೆ. ಆಗ ಇಂಗ್ಲಿಷರು ಸೋಡಾವನ್ನು ಬಯಸಿದ್ದು ಗುಳ್ಳೆಯ ಮಜಕ್ಕೆ ಮಾತ್ರ ಅಲ್ಲ. ಊರಿನ ನೀರಿನ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಬಾಟಲಿ ನೀರು ಅವರ ಪಾಲಿಗೆ ಜಾಸ್ತಿ ಸುರಕ್ಷಿತ.

ಇರಾಸ್ಮಸ್ ಬಾಂಡ್ 1858ರಲ್ಲಿ ಮಾರಲು ಹೊರಟದ್ದು ಈ ಗುಳ್ಳೆ ನೀರಿಗೆ ಒಂಚೂರು ಕ್ವಿನೈನ್ ಹಾಕಿದ ಪಾನೀಯವನ್ನು. ಆಗ ಟಾನಿಕ್ ಅಂದರೆ ಜ್ವರದ ಔಷಧ ಅಂತ ಅರ್ಥ ಇರಲಿಲ್ಲ. ಹಸಿವಾಗಲು, ತಿಂದದ್ದು ಅರಗಲು, ಸುಸ್ತು ಹೋಗಲು ಕುಡಿಯುವ ಕಹಿ ಪಾನೀಯ ಅಷ್ಟೆ. ನಮ್ಮಲ್ಲಿ ಹೊಟ್ಟೆ ಸರಿಯಿಲ್ಲ ಅಂದರೆ ಜೀರಿಗೆ ಕಷಾಯ ಕುಡಿಯುವುದಿಲ್ಲವೇ, ಹಾಗೆ. 1870ರ ಸುಮಾರಿಗೆ ಶ್ವೆಪ್ಸ್ ಕೂಡ 'ಇಂಡಿಯನ್ ಕ್ವಿನೈನ್ ಟಾನಿಕ್' ಅಂತ ತನ್ನದನ್ನು ಬಿಟ್ಟಿತು. ಇಂಡಿಯಾದಲ್ಲಿದ್ದ ಇಂಗ್ಲಿಷರಿಗೂ, ಇಂಡಿಯಾದಿಂದ ವಾಪಸು ಹೋಗಿ ಆ ರುಚಿಗೆ ಹಂಬಲಿಸುತ್ತಿದ್ದವರಿಗೂ. ಯುರೋಪಿನ ಕೆಲವು ಬಾಟಲಿಗಳ ಮೇಲೆ ಇವತ್ತಿಗೂ 'ಇಂಡಿಯನ್ ಟಾನಿಕ್' ಅಂತಲೇ ಇರುತ್ತದೆ.

ಜಿನ್ನಿನ ದಾರಿ ಸ್ವಲ್ಪ ಅವಮಾನದ ದಾರಿ. ಹದಿನೆಂಟನೇ ಶತಮಾನದ ಲಂಡನ್ ಜಿನ್ನಿನಲ್ಲಿ ಮುಳುಗಿತ್ತು. ಚಿತ್ರಕಾರ ಹೊಗಾರ್ತ್ 1751ರಲ್ಲಿ 'ಜಿನ್ ಲೇನ್' ಅಂತ ಒಂದು ಚಿತ್ರ ಕೊರೆದ. ಕುಡಿದ ಅಮಲಿನಲ್ಲಿ ತಾಯಿಯ ಕೈಯಿಂದ ಮಗು ಜಾರಿ ಬೀಳುತ್ತಿದೆ. ಅದೇ ವರ್ಷ ಸರ್ಕಾರ ಜಿನ್ ಮಾರಾಟಕ್ಕೆ ಕಡಿವಾಣ ಹಾಕುವ ಕಾಯಿದೆ ತಂದಿತು. ಇಂಥ ಹೆಸರು ಕೆಟ್ಟ ಮದ್ಯ ದೊಡ್ಡವರ ಮನೆಯ ಒಳಕ್ಕೆ ಬರಲು ಯಂತ್ರವೇ ಬರಬೇಕಾಯಿತು. 1830ರಲ್ಲಿ ಈನಿಯಸ್ ಕಾಫಿ ಅನ್ನುವವನು ನಿಲ್ಲದೆ ಬಟ್ಟಿ ಇಳಿಸುವ ಕಂಬದಂಥ ಯಂತ್ರಕ್ಕೆ ಪೇಟೆಂಟ್ ಪಡೆದ. (ಅವನು ಮೊದಲು ಐರ್ಲೆಂಡಿನಲ್ಲಿ ಅಬಕಾರಿ ಇಲಾಖೆಯವನು. ಕಳ್ಳಭಟ್ಟಿ ಹಿಡಿಯುತ್ತಿದ್ದವನೇ ಒಳ್ಳೆಯ ಭಟ್ಟಿ ಮಾಡಿಕೊಟ್ಟ.) ಮದ್ಯ ಶುದ್ಧವಾಯಿತು. ಕೆಟ್ಟ ವಾಸನೆ ಮುಚ್ಚಲು ಸಕ್ಕರೆ ಸುರಿಯುವ ಅಗತ್ಯ ತಪ್ಪಿತು. ಸಿಹಿ ಇಲ್ಲದ ಡ್ರೈ ಜಿನ್ ಬಂತು. ಜಿನ್ನಿಗೆ ರುಚಿ ಕೊಡುವ ಜೂನಿಪರ್ ಕಾಯಿಯ ಘಮ ಮುಂದೆ ಬಂತು.

ಮಂಜುಗಡ್ಡೆಯನ್ನು ಮರೆಯುವ ಹಾಗಿಲ್ಲ. 1833ರಲ್ಲಿ ಫ್ರೆಡೆರಿಕ್ ಟ್ಯೂಡರ್ ಎಂಬ ಅಮೆರಿಕನ್ ವ್ಯಾಪಾರಿ ಬೋಸ್ಟನ್ನಿನ ಕಡೆಯ ಕೆರೆಗಳಲ್ಲಿ ಚಳಿಗಾಲಕ್ಕೆ ಹೆಪ್ಪುಗಟ್ಟಿದ ಮಂಜನ್ನು ಗರಗಸದಲ್ಲಿ ಕೊಯ್ದು, ಮರದ ಹೊಟ್ಟಿನಲ್ಲಿ ಹೂತು, ಹಡಗಿನಲ್ಲಿ ಕಲ್ಕತ್ತಾಕ್ಕೆ ಕಳಿಸಿದ. ನಾಲ್ಕು ತಿಂಗಳ ಸಮುದ್ರ. ಹೊರಟದ್ದು ಸುಮಾರು 180 ಟನ್, ದಡ ಮುಟ್ಟಿದ್ದು ಸುಮಾರು 100 ಟನ್. ಕಲ್ಕತ್ತಾದ ಬಿಳಿಯರು ಕುಣಿದಾಡಿಬಿಟ್ಟರು. ಮದರಾಸಿನಲ್ಲೂ ಐಸ್ ಹೌಸ್ ಕಟ್ಟಿದರು. ಮರೀನಾ ಬೀಚಿನ ಎದುರಿಗೆ ಈಗ ವಿವೇಕಾನಂದರ್ ಇಲ್ಲಂ ಅಂತ ಇದೆಯಲ್ಲ, ಅದೇ ಕಟ್ಟಡ.

ಮೂರೂ ದಾರಿ ಸೇರಿದ್ದು 1858ರ ಆಚೆ. ಇತಿಹಾಸಕಾರರಿಗೆ ಇದುವರೆಗೆ ಸಿಕ್ಕಿರುವ ಜಿನ್ ಟಾನಿಕ್‌ನ ಅತಿ ಹಳೆಯ ಉಲ್ಲೇಖ 1868ರದ್ದು, ಇಂಡಿಯಾದಲ್ಲಿ ಹೊರಡುತ್ತಿದ್ದ 'ಓರಿಯಂಟಲ್ ಸ್ಪೋರ್ಟಿಂಗ್ ಮ್ಯಾಗಜಿನ್' ಎಂಬ ಪತ್ರಿಕೆಯಲ್ಲಿ. ಅದು ಆಸ್ಪತ್ರೆಯ ವರದಿಯಲ್ಲ. ಕುದುರೆ ರೇಸಿನ ವರದಿ. ರೇಸು ಮುಗಿದಿದೆ, ಬಿಸಿಲಿಗೆ ಗಂಟಲು ಒಣಗಿದೆ, ಜನ ಜಿನ್ ಟಾನಿಕ್, ಬ್ರಾಂದಿ ಸೋಡಾ, ಚುಟ್ಟ ಅಂತ ಕೂಗುತ್ತಿದ್ದಾರೆ. ಯಾರ ಬಾಯಲ್ಲೂ ಜ್ವರದ ಮಾತಿಲ್ಲ. ಟಾನಿಕ್ ನೀರು ಬಂದು ಹತ್ತೇ ವರ್ಷಕ್ಕೆ ಅದು ಮೋಜಿನ ಪಾನೀಯ ಆಗಿಬಿಟ್ಟಿತ್ತು. ನನ್ನನ್ನು ಕೇಳಿದರೆ ಶುರುವಿನಿಂದಲೂ ಅದು ಮೋಜಿನದ್ದೇ.

ಮೋಜಿನದ್ದು ಅಂತ ಇಷ್ಟು ಗಟ್ಟಿಯಾಗಿ ಯಾಕೆ ಹೇಳುತ್ತೇನೆ? ಈಗ ಪ್ರಮಾಣಕ್ಕೆ ಬರೋಣ. ಅಮೆರಿಕದಲ್ಲಿ ಟಾನಿಕ್ ವಾಟರಿಗೆ ಹಾಕಬಹುದಾದ ಕ್ವಿನೈನಿಗೆ ಒಂದು ಮಿತಿ ಇದೆ. ಲೀಟರಿಗೆ 83 ಮಿಲಿಗ್ರಾಂ, ಅದಕ್ಕಿಂತ ಜಾಸ್ತಿ ಇಲ್ಲ. ಮಲೇರಿಯಾಕ್ಕೆ ಕ್ವಿನೈನಿನಿಂದ ಚಿಕಿತ್ಸೆ ಕೊಡುವಾಗ ದೊಡ್ಡವರಿಗೆ ಸುಮಾರು 600 ಮಿಲಿಗ್ರಾಂ, ದಿನಕ್ಕೆ ಮೂರು ಸಲ, ಏಳು ದಿನ. ಅಂದರೆ ದಿನಕ್ಕೆ 1800 ಮಿಲಿಗ್ರಾಂ. ಟಾನಿಕ್ಕಿನಲ್ಲೇ ಇಷ್ಟನ್ನು ತೆಗೆದುಕೊಳ್ಳುತ್ತೇನೆ ಅಂದರೆ ದಿನಕ್ಕೆ ಇಪ್ಪತ್ತೊಂದೂವರೆ ಲೀಟರಿಗೂ ಜಾಸ್ತಿ ಕುಡಿಯಬೇಕು. ಗ್ಲಾಸಿಗೆ 150 ಮಿಲಿ ಟಾನಿಕ್ ಅಂದುಕೊಂಡರೆ ನೂರ ನಲವತ್ತಕ್ಕೂ ಹೆಚ್ಚು ಗ್ಲಾಸು. ಪ್ರತಿ ಗ್ಲಾಸಿನಲ್ಲೂ ಜಿನ್! ಮಲೇರಿಯಾ ಬಂದು ಕೊಲ್ಲುವ ತನಕ ಆಳು ಇರುವುದಿಲ್ಲ.

ಆ ಕಾಲದ ಟಾನಿಕ್ ಇನ್ನೂ ಗಟ್ಟಿಯಾಗಿತ್ತು ಅಂತ ನೀವು ಹೇಳಬಹುದು. ಆಯಿತು, ನಾಲ್ಕು ಪಟ್ಟು ಗಟ್ಟಿ ಅಂತಲೇ ಇಟ್ಟುಕೊಳ್ಳಿ. ಆಗಲೂ ದಿನಕ್ಕೆ ಐದು ಲೀಟರಿಗೆ ಮೇಲೆ. 2004ರಲ್ಲಿ ಜರ್ಮನಿಯ ಸಂಶೋಧಕರು ಇದರ ಬಗ್ಗೆ ಒಂದು ಪ್ರಯೋಗದ ವರದಿ ಕೊಟ್ಟರು. ಅರ್ಧದಿಂದ ಒಂದು ಲೀಟರ್ ಟಾನಿಕ್ಕನ್ನು ಕಾಲು ಗಂಟೆಯೊಳಗೆ ಕುಡಿಸಿ ರಕ್ತ ತೆಗೆದು ನೋಡಿದರು. ಕ್ವಿನೈನ್ ಕೆಲಸ ಮಾಡಬಲ್ಲ ಮಟ್ಟದ ಕೆಳಗಿನ ಅಂಚನ್ನು ಒಂದಷ್ಟು ಹೊತ್ತು ಮುಟ್ಟಿ ಇಳಿದುಹೋಯಿತು. ಮಲೇರಿಯಾ ತಡೆಯಲು ಅದು ಸಾಲದು ಅಂತ ಬರೆದರು.

ಈಗ ಆ ಚೂರು ಕ್ವಿನೈನನ್ನು ಕಣ್ಣಿಗೇ ತೋರಿಸುತ್ತೇನೆ. ಲೈಟ್ ಆರಿಸಿ ಅಂತ ಈ ಸಭೆಯವರಿಗೆ ಮೊದಲೇ ಹೇಳಿದ್ದೆ. ಇದು ನೋಟು ನಕಲಿಯೋ ಅಸಲಿಯೋ ಅಂತ ನೋಡುವ ನೇರಳೆ ಟಾರ್ಚು, ಯಾವ ಅಂಗಡಿಯಲ್ಲೂ ಸಿಗುತ್ತದೆ. ಎಡಗಡೆಯ ಗ್ಲಾಸಿನಲ್ಲಿ ಬರೀ ಸೋಡಾ. ಬಲಗಡೆಯದರಲ್ಲಿ ಟಾನಿಕ್. ಬೆಳಕು ಬಿಟ್ಟರೆ ನೋಡಿ, ಸೋಡಾ ಸುಮ್ಮನಿದೆ, ಟಾನಿಕ್ ನೀಲಿ ದೀಪದ ಹಾಗೆ ಹೊಳೆಯುತ್ತಿದೆ. ಕಣ್ಣಿಗೆ ಕಾಣದ ಅತಿನೇರಳೆ ಬೆಳಕನ್ನು ಕ್ವಿನೈನ್ ನುಂಗಿ, ಕಾಣುವ ನೀಲಿಯಾಗಿ ವಾಪಸು ಬಿಡುತ್ತದೆ. ಖಗೋಳ ವಿಜ್ಞಾನಿ ಜಾನ್ ಹರ್ಶೆಲ್ ಇದನ್ನು 1845ರಲ್ಲೇ ವಿವರಿಸಿದ್ದ. ಈಗ ಒಂದು ಚಮಚ ಅಡುಗೆ ಉಪ್ಪು ಹಾಕಿ ಕಲಕುತ್ತೇನೆ. ಮಂಕಾಯಿತು ಅಲ್ವಾ? ಉಪ್ಪಿನಲ್ಲಿರುವ ಕ್ಲೋರೈಡ್ ಆ ಹೊಳಪನ್ನು ತಿಂದುಬಿಡುತ್ತದೆ. ಕ್ವಿನೈನ್ ಎಲ್ಲೂ ಹೋಗಿಲ್ಲ, ಅಲ್ಲೇ ಇದೆ. ಇಷ್ಟು ಕಡಿಮೆ ಇದ್ದರೂ ಹೀಗೆ ಹೊಳೆಯುತ್ತದೆ, ಇಷ್ಟು ಕಡಿಮೆ ಇದ್ದರೂ ನಾಲಿಗೆಗೆ ಕಹಿ ತಿಳಿಯುತ್ತದೆ. ಔಷಧ ಇದೆ ಅನ್ನುವ ಭ್ರಮೆ ಹುಟ್ಟಲು ಇಷ್ಟು ಸಾಕು. ಲೈಟ್ ಹಾಕಿ.

ಈಗ ಕ್ಲಬ್ಬು ಬಿಟ್ಟು ಬೆಟ್ಟ ಹತ್ತೋಣ. ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು ಮೇಲೆ ಊಟಿಗೆ ಹೋಗುವಾಗ ನಡುವಟ್ಟಂ ಅಂತ ಒಂದು ಊರು ಸಿಗುತ್ತದೆ. ಎಲ್ಲರೂ ಚಹಾ ತೋಟದ ಫೋಟೋ ತೆಗೆದು ಮುಂದೆ ಹೋಗುತ್ತಾರೆ. ಅಲ್ಲಿ ಒಂದು ಹಳೆಯ ಜೈಲಿದೆ.

1857ರ ದಂಗೆಯ ನಂತರ ಇಂಡಿಯಾದಲ್ಲಿ ಬಿಳಿ ಸೈನಿಕರ ಸಂಖ್ಯೆ ತುಂಬಾ ಏರಿತು. ಅವರನ್ನು ಬದುಕಿಸಿಕೊಳ್ಳಲು ಕ್ವಿನೈನ್ ಬೇಕು. ತೊಗಟೆಯೆಲ್ಲ ದಕ್ಷಿಣ ಅಮೆರಿಕದಿಂದ ಬರಬೇಕು, ಬೆಲೆ ಅವರು ಹೇಳಿದ್ದು. 1860ರಲ್ಲಿ ಕ್ಲೆಮೆಂಟ್ಸ್ ಮಾರ್ಕಮ್ ಎಂಬ ಇಂಗ್ಲಿಷ್ ಅಧಿಕಾರಿ ಪೆರುವಿಗೆ ಹೋಗಿ ಗಿಡ, ಬೀಜ ಸಂಗ್ರಹಿಸಿದ. ಅಲ್ಲಿನವರಿಗೆ ಇದು ಇಷ್ಟವಿರಲಿಲ್ಲ. ಹೆಚ್ಚುಕಮ್ಮಿ ಕದ್ದು ತಂದದ್ದೇ. ಎಕ್ವಡಾರ್‌ನಲ್ಲಿ ರಿಚರ್ಡ್ ಸ್ಪ್ರೂಸ್ ಎಂಬ ಸಸ್ಯತಜ್ಞ ಕಾಯಿಲೆಯಲ್ಲೇ ಒದ್ದಾಡುತ್ತ ಕೆಂಪು ತೊಗಟೆಯ ಸಿಂಕೋನಾ ಬೀಜ ಒಟ್ಟುಮಾಡಿದ. ಅದನ್ನು ರಾಬರ್ಟ್ ಕ್ರಾಸ್ ಎಂಬ ತೋಟಗಾರ ಊಟಿಗೆ ತಲುಪಿಸಿದ. ದೊಡ್ಡಬೆಟ್ಟದಲ್ಲೂ ನಡುವಟ್ಟದಲ್ಲೂ ಸರ್ಕಾರಿ ತೋಟ ಎದ್ದಿತು. ತೋಟದ ಮೇಲ್ವಿಚಾರಕ ವಿಲಿಯಂ ಮೆಕೈವರ್ ಒಂದು ಚಂದದ ಉಪಾಯ ಕಂಡುಕೊಂಡ. ಮರ ಕಡಿಯುವ ಬದಲು ತೊಗಟೆಯನ್ನು ಉದ್ದುದ್ದ ಪಟ್ಟಿಯಾಗಿ ಸುಲಿಯುವುದು, ಸುಲಿದ ಜಾಗಕ್ಕೆ ಹಸಿ ಹಾವಸೆ ಕಟ್ಟುವುದು. ಗಾಯ ಮಾಯ್ದು ಹೊಸ ತೊಗಟೆ ಬರುತ್ತಿತ್ತು, ಅದರಲ್ಲಿ ಕ್ವಿನೈನ್ ಇನ್ನೂ ಜಾಸ್ತಿ ಇರುತ್ತಿತ್ತು.

ಈ ತೋಟದಲ್ಲಿ ಬೆವರು ಸುರಿಸಿದವರಲ್ಲಿ ಚೀನೀ ಕೈದಿಗಳೂ ಇದ್ದರು. ಸಿಂಗಪುರ, ಪೆನಾಂಗ್ ಕಡೆಯ ಇಂಗ್ಲಿಷ್ ವಸಾಹತುಗಳಿಂದ ಶಿಕ್ಷೆಗೆ ಗುರಿಯಾಗಿ ಮದರಾಸಿಗೆ ಬಂದವರು. ಅವರನ್ನು ನೀಲಗಿರಿಗೆ ತಂದು ನಡುವಟ್ಟದ ಆ ಜೈಲಿನಲ್ಲಿ ಇಟ್ಟರು. ಬಿಡುಗಡೆಯಾದ ಕೆಲವರು ನಡುವಟ್ಟಂ ಗೂಡಲೂರು ನಡುವೆ ನೆಲೆನಿಂತು, ತಮಿಳು ಹೆಂಗಸರನ್ನು ಮದುವೆಯಾಗಿ, ತರಕಾರಿ ಬೆಳೆದು, ದನ ಸಾಕಿ ಬಾಳಿದರು. ಜನಾಂಗ ಅಧ್ಯಯನ ಮಾಡಿದ ಎಡ್ಗರ್ ಥರ್ಸ್ಟನ್ ಆ ಕುಟುಂಬಗಳ ಬಗ್ಗೆ ಬರೆದಿದ್ದಾನೆ. ನಮ್ಮ ಕಡೆಯೂ ಸಿಂಕೋನಾ ಬಂತು. ಬಾಬಾಬುಡನ್‌ಗಿರಿಯಲ್ಲಿ ಕಲ್ಲತ್ತಿ ಹತ್ತಿರ ಸರ್ಕಾರ ಒಂದು ತೋಟ ಮಾಡಿಸಿತು, ಕೊಡಗಿನ ಕಾಫಿ ಬೆಳೆಗಾರರೂ ನೆಟ್ಟು ನೋಡಿದರು.

ಆದರೆ ಪಂದ್ಯ ಗೆದ್ದವರು ಇಂಗ್ಲಿಷರಲ್ಲ. ಬೊಲಿವಿಯಾದ ಮಾನ್ಯುವೆಲ್ ಇಂಕ್ರಾ ಮಮಾನಿ ಎಂಬ ಮೂಲನಿವಾಸಿ ಯಾವ ಮರದ ತೊಗಟೆ ಒಳ್ಳೆಯದು ಅಂತ ಕಣ್ಣಿನಲ್ಲೇ ಹೇಳಬಲ್ಲವನಾಗಿದ್ದ. ಚಾರ್ಲ್ಸ್ ಲೆಡ್ಜರ್ ಎಂಬ ವ್ಯಾಪಾರಿಗಾಗಿ ಅವನು ಬೀಜ ಆರಿಸಿ ತಂದ. 1865ರಲ್ಲಿ ಆ ಬೀಜ ಲಂಡನ್ ಮುಟ್ಟಿತು. ಇಂಗ್ಲಿಷ್ ಸರ್ಕಾರ ಬೇಡ ಅಂದಿತು. ಡಚ್ಚರು ಒಂದಷ್ಟು ಕೊಂಡರು, ಜಾವಾದಲ್ಲಿ ನೆಟ್ಟರು. ನೀಲಗಿರಿಯ ತೊಗಟೆಗಿಂತ ಅದರಲ್ಲಿ ಎಷ್ಟೋ ಪಟ್ಟು ಹೆಚ್ಚು ಕ್ವಿನೈನ್ ಇತ್ತು. ಮುಂದೆ ಜಗತ್ತಿನ ಕ್ವಿನೈನ್ ವ್ಯಾಪಾರ ಹೆಚ್ಚುಕಮ್ಮಿ ಪೂರಾ ಡಚ್ಚರ ಮುಷ್ಟಿಗೆ ಹೋಯಿತು, 1942ರಲ್ಲಿ ಜಪಾನೀಯರು ಜಾವಾ ಹಿಡಿಯುವ ತನಕ. ಮಮಾನಿಯನ್ನು ಮಾತ್ರ ಬೊಲಿವಿಯಾದಲ್ಲಿ ಬೀಜ ಸಾಗಿಸಿದ ತಪ್ಪಿಗೆ ಜೈಲಿಗೆ ಹಾಕಿ ಹೊಡೆದರು. ಅದರ ಪೆಟ್ಟಿನಲ್ಲೇ ಅವನು ಸತ್ತ. ಮರಕ್ಕೆ ಲೆಡ್ಜರ್ ಹೆಸರಿಟ್ಟರು.

ಜ್ವರ ನಿಜವಾಗಿ ತಿಂದದ್ದು ಯಾರನ್ನು? ಮಲೆನಾಡಿನ ಹಿರಿಯರನ್ನು ಕೇಳಿ. ಚಳಿಜ್ವರ ಅಂದರೆ ಅವರ ಮುಖವೇ ಬದಲಾಗುತ್ತದೆ. ಗುಲ್ಮ ಊದಿಕೊಂಡು ಹೊಟ್ಟೆಯ ಎಡಕ್ಕೆ ಕಲ್ಲಿನಂತೆ ಕೈಗೆ ಸಿಗುತ್ತಿತ್ತು, ಅದಕ್ಕೆ ಜ್ವರಗಡ್ಡೆ ಅನ್ನುತ್ತಿದ್ದರು. ಗದ್ದೆ ಬೀಳು ಬಿಟ್ಟು ಊರಿಗೆ ಊರೇ ಖಾಲಿಯಾದದ್ದಿದೆ. ಬಂಗಾಳದಲ್ಲಿ 1892ರಿಂದ ಪೋಸ್ಟಾಫೀಸಿನಲ್ಲಿ ಕಾಸಿಗೊಂದು ಪೊಟ್ಟಣದಂತೆ ಕ್ವಿನೈನ್ ಮಾರಿದರು. ನಮ್ಮಲ್ಲಿ ಸರ್ಕಾರಿ ಡಿಸ್ಪೆನ್ಸರಿಯ ಮುಂದೆ ಜನ ಬಾಟಲಿ ಹಿಡಿದು ನಿಲ್ಲುತ್ತಿದ್ದರು. ಕಾಂಪೌಂಡರು ಗುರುತು ಅಂಟಿಸಿ ಮಿಕ್ಸ್ಚರ್ ಕೊಡುತ್ತಿದ್ದ. ಮಕ್ಕಳ ಮೂಗು ಹಿಡಿದು ಕುಡಿಸಿ, ಮೇಲೊಂದು ಚೂರು ಬೆಲ್ಲ. ಮೈಸೂರು ಸರ್ಕಾರ ರಾಕ್‌ಫೆಲ್ಲರ್ ಫೌಂಡೇಶನ್ ಜೊತೆ ಸೇರಿ ಮೂಡಿಗೆರೆ, ಹಿರಿಯೂರು ಕಡೆ ಮಲೇರಿಯಾ ಅಧ್ಯಯನ ಕೇಂದ್ರ ತೆರೆಯಿತು. ಆ ಜನರ ಕ್ವಿನೈನ್ ಕಥೆಯಲ್ಲಿ ಜಿನ್ನೂ ಇಲ್ಲ, ನಿಂಬೆ ಹೋಳೂ ಇಲ್ಲ. ನನಗೆ ವಾಟ್ಸಾಪ್ ಕಥೆಯ ಮೇಲೆ ಇರುವ ನಿಜವಾದ ಸಿಟ್ಟು ಇದೇ. ಇಸವಿ ತಪ್ಪಿದ್ದಕ್ಕಲ್ಲ. ನಮ್ಮವರು ಪಟ್ಟ ಪಾಡನ್ನು ತಂದು ಕ್ಲಬ್ಬಿನವರ ಗ್ಲಾಸಿಗೆ ಅಲಂಕಾರ ಮಾಡಿದ್ದಕ್ಕೆ.

ಔಷಧದ ಕಥೆ ಅಂಟಿಕೊಂಡದ್ದು ಇಪ್ಪತ್ತನೇ ಶತಮಾನದಲ್ಲಿ. ವಾಪಸು ಹೋದ ಇಂಗ್ಲಿಷರಿಗೆ ಇಂಡಿಯಾದ ವರಾಂಡಾ, ಬೆತ್ತದ ಕುರ್ಚಿ, ಸಂಜೆಯ ಗ್ಲಾಸು ಇವೆಲ್ಲ ಸಿಹಿ ನೆನಪು. ಕುಡಿತಕ್ಕೊಂದು ನೆಪವೂ ಬೇಕಲ್ಲ. ಜಾಹೀರಾತಿನವರಿಗೆ ಇದಕ್ಕಿಂತ ಒಳ್ಳೆಯ ಸರಕು ಎಲ್ಲಿ ಸಿಗುತ್ತದೆ? 1953ರಲ್ಲಿ ಶ್ವೆಪ್ಸ್ ಕಂಪನಿ ಕಮಾಂಡರ್ ವೈಟ್‌ಹೆಡ್ ಎಂಬ ಗಡ್ಡಧಾರಿಯನ್ನು ನ್ಯೂಯಾರ್ಕಿಗೆ ಕಳಿಸಿತು. ಜಾಹೀರಾತು ಕಂಪನಿಯ ಡೇವಿಡ್ ಓಗಿಲ್ವಿ ಅವನನ್ನೇ ಜಾಹೀರಾತಿನ ಮುಖ ಮಾಡಿದ. ಅಮೆರಿಕಕ್ಕೆ ಟಾನಿಕ್ಕಿನ ರುಚಿ ಹತ್ತಿತು. ನಮ್ಮ ದೇಶದಲ್ಲಿ ಡಿಡಿಟಿ ಹೊಡೆಯುವ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದೂ ಅದೇ 1953ರಲ್ಲಿ. ಗೋಡೆಯ ಮೇಲೆ ಡಿಡಿಟಿ ತಾರೀಕು ಬರೆದುಹೋಗುತ್ತಿದ್ದದ್ದು ಇಲ್ಲಿ ಹಿರಿಯರಿಗೆ ನೆನಪಿರಬಹುದು.

ಈಗ ಜಿನ್ನಿಗೆ ಮತ್ತೆ ಕಾಲ ಬಂದಿದೆ. ಗೋವಾದಲ್ಲಿ ಹೊಸ ಹೊಸ ಜಿನ್ ತಯಾರಾಗುತ್ತಿವೆ. ಬೆಂಗಳೂರಿನ ಅಮೃತ್ ಡಿಸ್ಟಿಲರಿಯೂ 'ನೀಲ್‌ಗಿರೀಸ್' ಅಂತ ಒಂದನ್ನು ಬಿಟ್ಟಿದೆ. ಇದು ಕಾಕ್‌ಟೇಲೇ ಅಲ್ಲ, ಬರೀ ಬೆರಕೆ ಅನ್ನುವ ಬಾರಿನವರೂ ಇದ್ದಾರೆ. ಆ ಜಗಳ ಅವರಿಗೇ ಇರಲಿ. ಕುಡಿಯುವವರಿಗೆ ಒಂದೇ ಮಾತು: ಒಂದು ಪಾಲು ಜಿನ್ನಿಗೆ ಎರಡೂವರೆ ಮೂರು ಪಾಲು ಟಾನಿಕ್, ಗ್ಲಾಸು ತುಂಬ ಐಸು, ಟಾನಿಕ್ಕಿನ ಬಾಟಲಿ ಆಗಷ್ಟೇ ತೆರೆದದ್ದಾಗಿರಬೇಕು. ಗುಳ್ಳೆ ಸತ್ತ ಟಾನಿಕ್ ಬರೀ ಸಕ್ಕರೆ ನೀರು.

ಒಂದು ಎಚ್ಚರಿಕೆ ಮಾತ್ರ ಗಂಭೀರವಾಗಿ ಹೇಳುತ್ತೇನೆ. ಇದು ಕುಡಿಯದವರಿಗೂ ಸೇರಿದ್ದು, ಯಾಕಂದರೆ ಬರೀ ಟಾನಿಕ್ ವಾಟರನ್ನು ಜ್ಯೂಸಿನ ಹಾಗೆ ಕುಡಿಯುವವರಿದ್ದಾರೆ. ಕೆಲವರಿಗೆ ಕ್ವಿನೈನ್ ಆಗಿಬರುವುದಿಲ್ಲ. ಟಾನಿಕ್ಕಿನಲ್ಲಿರುವ ಅಷ್ಟೇ ಅಷ್ಟು ಸಾಕು, ರಕ್ತದ ಪ್ಲೇಟ್ಲೆಟ್ ದಿಢೀರನೆ ಕುಸಿದು ಚರ್ಮದ ಮೇಲೆ ಕೆಂಪು ನೇರಳೆ ಚುಕ್ಕೆಗಳು ಏಳುತ್ತವೆ. ಡಾಕ್ಟರುಗಳು ಇದಕ್ಕೆ 'ಕಾಕ್‌ಟೇಲ್ ಪರ್ಪ್ಯೂರಾ' ಅಂತಲೇ ಹೆಸರಿಟ್ಟಿದ್ದಾರೆ. ಅಪರೂಪ, ಆದರೆ ಅಪಾಯ. ಇಂಥ ಚುಕ್ಕೆಗಳಿಗೆ ಡಾಕ್ಟರ ಹತ್ತಿರ ಹೋದಾಗ ಅವರು ಯಾವ ಮಾತ್ರೆ ತಿಂದಿರಿ ಅಂತ ಕೇಳುತ್ತಾರೆ. ಟಾನಿಕ್ ಕುಡಿದದ್ದನ್ನು ಯಾರೂ ಹೇಳುವುದಿಲ್ಲ, ಅದು ಮಾತ್ರೆ ಅಲ್ಲವಲ್ಲ. ನೀವು ಹೇಳಿ.